ನದಿ ಮೇಲೆ, ಹೊಲ ಕೆಳಗೆ: ಇಂಗ್ಲೆಂಡಿನ ಫೆನ್ ಬಯಲಲ್ಲಿ ಗ್ರಾವೆಲ್ ಸೈಕಲ್

ಮಣ್ಣು-ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ ಏರಿ, ಕೇಂಬ್ರಿಡ್ಜ್ ದಾಟಿ, ಬಾಟಿಶಮ್ ಹಳ್ಳಿಯ ಹತ್ತಿರ ಲೋಡ್ಸ್ ವೇ ಎಂಬ ಸೈಕಲ್ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಕಣ್ಣಿಗೆ ಗೊಂದಲ ಶುರುವಾಗುತ್ತದೆ. ಎಲ್ಲಿ ನೋಡಿದರೂ ಮಟ್ಟಸವಾದ ಕಪ್ಪು ಹೊಲ. ಹೊಲದ ನಡುವೆ ಹುಲ್ಲು ಬೆಳೆದ ಉದ್ದನೆಯ ಏರಿ. ಆ ಏರಿಯಾಚೆ, ಸೈಕಲ್ ಸವಾರನ ತಲೆಗಿಂತ ಮೇಲೆ, ದೋಣಿಯೊಂದರ ಚಾವಣಿ ಮೆಲ್ಲಗೆ ಸಾಗುತ್ತಿರುತ್ತದೆ. ಈ ಸೀಮೆಯಲ್ಲಿ ನೀರು ನೋಡಬೇಕೆಂದರೆ ಇಳಿಯುವುದಲ್ಲ, ಹತ್ತಬೇಕು. ಏರಿ ಹತ್ತಿ ನಿಂತರೆ ಒಂದು ಪಕ್ಕ ಕಾಲಬುಡದಲ್ಲೇ ನೀರು, ಇನ್ನೊಂದು ಪಕ್ಕ ಎಷ್ಟೋ ಕೆಳಗೆ ಹೊಲ. ಇದನ್ನು ಓದಿ ತಿಳಿದಿರುವುದು ಬೇರೆ, ಅಲ್ಲಿ ನಿಂತು ಎರಡೂ ಕಡೆ ನೋಡುವುದು ಬೇರೆ.

ಕಾರಣ ಮಣ್ಣಿನಲ್ಲಿದೆ. ಫೆನ್ ಎಂದರೆ ಜೊಂಡು ಕೊಳೆತು ಸಾವಿರಾರು ವರ್ಷ ಪದರ ಪದರವಾಗಿ ಕೂತ ಪೀಟ್ ನೆಲ. 17ನೇ ಶತಮಾನದಲ್ಲಿ ಬೆಡ್‌ಫರ್ಡ್ ಅರ್ಲ್ ಮತ್ತು ಆತನ ಜೊತೆಗಾರರು ಹಣ ಹೂಡಿ, ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್ ಕೈಯಲ್ಲಿ ಇಲ್ಲಿನ ನೀರು ಬಸಿಸಲು ಹೊರಟರು. ಇಯರಿತ್ ಹಳ್ಳಿಯಿಂದ ಡೆನ್ವರ್ ಹಳ್ಳಿಯವರೆಗೆ ಮೂವತ್ತು ಕಿ.ಮೀ.ಗೂ ಹೆಚ್ಚು ಉದ್ದ, ದಾರ ಹಿಡಿದು ಗೆರೆ ಎಳೆದ ಹಾಗೆ ಎರಡು ನೇರ ನದಿಗಳನ್ನು ತೋಡಿದರು. ಮೊದಲನೆಯದು 1630ರ ದಶಕದ್ದು, ಎರಡನೆಯದು 1650ರ ಹೊತ್ತಿನದು. ನೀರೇನೋ ಹೋಯಿತು. ಆದರೆ ಒಣಗಿದ ಪೀಟ್ ಕುಗ್ಗುತ್ತದೆ, ಗಾಳಿ ತಾಗಿ ಕರಗುತ್ತದೆ, ಉತ್ತ ಮೇಲೆ ಧೂಳಾಗಿ ಹಾರುತ್ತದೆ. ಹೊಲ ಇಳಿಯುತ್ತಾ ಹೋಯಿತು, ನದಿ ಇದ್ದಲ್ಲೇ ಉಳಿಯಿತು. ಹೊಲ ಇಳಿದಷ್ಟೂ ಏರಿಯನ್ನು ಎತ್ತರಿಸಬೇಕಾಯಿತು. ಈಗ ಹೊಲದ ಕಾಲುವೆಯ ನೀರನ್ನು ಪಂಪಿನಿಂದ ಎತ್ತಿ ನದಿಗೆ ಸುರಿಯುತ್ತಾರೆ. ಪಶ್ಚಿಮಕ್ಕಿರುವ ಹೋಮ್ ಫೆನ್‌ನಲ್ಲಿ 1851ರಲ್ಲಿ ನೆಲದ ಮಟ್ಟಕ್ಕೆ ತಲೆ ಬರುವಂತೆ ಹೂತ ಕಬ್ಬಿಣದ ಕಂಬ ಇಂದು ಸುಮಾರು 4 ಮೀಟರ್ ಹೊರಗೆ ನಿಂತಿದೆ. ಅಲ್ಲಿನ ನೆಲ ಸಮುದ್ರಮಟ್ಟಕ್ಕಿಂತ 2.75 ಮೀಟರ್ ಕೆಳಗೆ.

ಲೋಡ್ಸ್ ವೇ ಸುಮಾರು 14 ಕಿ.ಮೀ., ರಾಷ್ಟ್ರೀಯ ಸೈಕಲ್ ಮಾರ್ಗ 11ರ ಒಂದು ಭಾಗ. ರೀಚ್ ಲೋಡ್ ಕಾಲುವೆ ದಾಟಲು 2010ರಲ್ಲಿ ಕಟ್ಟಿದ ಸೇತುವೆಯ ಮೇಲೆ ಸೈಕಲ್ ಇಳಿಯದೆ ಸಾಗಬಹುದು. ಬರ್ವೆಲ್ ಲೋಡ್ ಹಾಗಲ್ಲ. ಅಲ್ಲಿರುವುದು ಮೆಟ್ಟಿಲಿನ ಎತ್ತರದ ಸೇತುವೆ, ಸೈಕಲ್ ಹೊತ್ತೇ ದಾಟಬೇಕು. ಫ್ರೇಮಿಗೆ ಭಾರದ ಬ್ಯಾಗು ಕಟ್ಟಿದವರು ಇಲ್ಲಿ ಅದನ್ನು ಬಿಚ್ಚಿ ಎರಡು ಸಲ ಓಡಾಡುವುದು ಒಳ್ಳೆಯದು. ಈ ಭಾಗದಲ್ಲಿ ಕೊನಿಕ್ ಕುದುರೆಗಳೂ ಹೈಲ್ಯಾಂಡ್ ದನಗಳೂ ದಾರಿಯ ಪಕ್ಕದಲ್ಲೇ ಬೇಲಿಯಿಲ್ಲದೆ ಮೇಯುತ್ತವೆ, ಕೆಲವೊಮ್ಮೆ ದಾರಿಯ ಮೇಲೇ ಮಲಗಿರುತ್ತವೆ. ಮರಿ ಜೊತೆಗಿದ್ದರೆ ಹುಲ್ಲಿಗೆ ಇಳಿದು ಬಳಸಿ ಹೋಗಿ, ಬೆಲ್ ಬಾರಿಸಬೇಡಿ, ಗೇಟು ಹಾಕುವುದನ್ನು ಮರೆಯಬೇಡಿ.

ಮುಂದೆ ವಿಕೆನ್ ಫೆನ್. 1899ರಲ್ಲಿ, ಪರಂಪರೆ ಮತ್ತು ಪ್ರಕೃತಿಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಇಲ್ಲಿ ಮೊದಲ ತುಂಡು ಜಾಗ ಕೊಂಡಿತು. ಹೆಚ್ಚು ಬಸಿಯದೆ ಉಳಿದ ಕಾರಣ ಈ ಜೌಗು ಸುತ್ತಲಿನ ಹೊಲಗಳಿಗಿಂತ ಎತ್ತರದಲ್ಲಿದೆ. ಜೌಗು ಎತ್ತರ, ಒಣ ನೆಲ ತಗ್ಗು! ಇಲ್ಲೊಂದು ಮರದ ಗಾಳಿಪಂಪು ನಿಂತಿದೆ. ಒಂದು ಕಾಲಕ್ಕೆ ಪಕ್ಕದ ಫೆನ್‌ನಿಂದ ನೀರು ಹೊರಹಾಕುತ್ತಿದ್ದದ್ದು ಅದು. 1956ರಲ್ಲಿ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದರು, ಈಗ ಅದರ ಕೆಲಸ ಜೌಗಿಗೆ ನೀರು ತುಂಬುವುದು. ಇಡೀ ದಾರಿಯಲ್ಲಿ ನಿಂತು ನೋಡಲೇಬೇಕಾದದ್ದು ಯಾವುದು ಎಂದರೆ ಈ ಪುಟ್ಟ ಪಂಪು.

ಬರ್ವೆಲ್ ಫೆನ್ ಅಂಚಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ವಯಸ್ಸಾದ ರೈತರೊಬ್ಬರು ಮೊದಲು ನೋಡಿದ್ದು ಟೈರುಗಳನ್ನು.

“ಆ ಡ್ರೋವ್ ಮೇಲೆ ಹೋಗ್ತೀರಾ?” ಎಂದರು. ಹೊಲಗಳ ನಡುವಿನ ಅಗಲವಾದ ಮಣ್ಣುದಾರಿಗೆ ಇಲ್ಲಿ ಡ್ರೋವ್ ಎನ್ನುತ್ತಾರೆ.

“ಹೋಗಬಾರದಾ?”

“ಕಪ್ಪಗಿರೋವರೆಗೂ ಹೋಗಿ. ಬೂದು ಬಣ್ಣ ಕಂಡ ಕೂಡಲೇ ತಿರುಗಿಬಿಡಿ.”

“ಮಳೆ ನಿಂತು ಎರಡು ದಿನ ಆಯ್ತಲ್ಲ?”

“ಕಪ್ಪು ಮಣ್ಣಿಗೆ ಎರಡು ದಿನ ಸಾಕು. ಬೂದು ಮಣ್ಣಿಗೆ ಒಂದು ವಾರ ಬೇಕು, ಅದೂ ಗಾಳಿ ಬೀಸಿದರೆ.”

ಇದಕ್ಕಿಂತ ಉಪಯುಕ್ತ ಮಾತು ಯಾವ ಮಾರ್ಗದರ್ಶಿಯಲ್ಲೂ ಇಲ್ಲ. ಕಪ್ಪು ಎಂದರೆ ಪೀಟ್. ಒದ್ದೆಯಾದರೆ ಚಕ್ರ ಸ್ವಲ್ಪ ಹೂತುಕೊಂಡು ವೇಗ ತಗ್ಗುತ್ತದೆ, ಆದರೆ ಮಣ್ಣು ಉದುರಿ ಹೋಗುತ್ತದೆ. ಬೂದು ಎಂದರೆ ಜೇಡಿ. ಟೈರಿಗೆ ಮೆತ್ತಿಕೊಂಡು, ಅದರ ಮೇಲೆ ಹುಲ್ಲು ಸುತ್ತಿಕೊಂಡು, ಮುಂದಿನ ಚಕ್ರ ಹಿಡಿದ ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಕೂತರೆ ಚಕ್ರ ತಿರುಗುವುದೇ ಇಲ್ಲ. ಆಗಲೂ ಪೆಡಲ್ ಒತ್ತಿದರೆ ಮಣ್ಣು ತುಂಬಿದ ಹಿಂದಿನ ಡಿರೇಲರ್ (ಗೇರು ಬದಲಿಸುವ ಭಾಗ) ಚಕ್ರದ ಕಡ್ಡಿಗಳ ಕಡೆಗೆ ಎಳೆದುಕೊಂಡು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಪುಟ್ಟ ಲೋಹದ ತುಂಡು ಮುರಿಯುತ್ತದೆ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ದಾರಿಯಲ್ಲಿ ಸಿಕ್ಕುವ ವಸ್ತುವಲ್ಲ. ನಿಮ್ಮ ಸೈಕಲ್ಲಿನದೇ ಇನ್ನೊಂದು, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್, ಚೈನ್ ಬಿಚ್ಚುವ ಚೈನ್ ಟೂಲ್ ಬ್ಯಾಗಿನಲ್ಲಿ ಇರಲೇಬೇಕು.

ಟೈರು 40ರಿಂದ 45 ಮಿ.ಮೀ. ಅಗಲದ್ದು ಸಾಕು. ಅಗಲಕ್ಕಿಂತ ಮುಖ್ಯ ಫ್ರೇಮಿನೊಳಗಿನ ಸಂದಿ: ಎರಡೂ ಪಕ್ಕ ಕನಿಷ್ಠ 6 ಮಿ.ಮೀ. ಖಾಲಿ ಇರಬೇಕು. ಸಂದಿ ಕಡಿಮೆ ಇದ್ದರೆ 45 ಬಿಟ್ಟು 40 ಹಾಕಿ. ಮಳೆಗೆ ನೆನೆದ ಡ್ರೋವ್‌ಗೆ ಉದ್ದನೆಯ ಮಡ್‌ಗಾರ್ಡ್ ಬೇಡ, ಜೇಡಿ ಮೊದಲು ಕಟ್ಟಿಕೊಳ್ಳುವುದೇ ಅದರೊಳಗೆ. ಸುಮಾರು 70 ಕೆ.ಜಿ. ತೂಕದ ಸವಾರರು ಟ್ಯೂಬ್‌ಲೆಸ್ 42 ಮಿ.ಮೀ. ಟೈರಿಗೆ ಮುಂದೆ 28, ಹಿಂದೆ 31 ಪಿಎಸ್‌ಐ ಗಾಳಿಯೊತ್ತಡದಿಂದ ಶುರುಮಾಡಿ, ದಾರಿ ನೋಡಿ ಒಂದೆರಡು ಹೆಚ್ಚುಕಮ್ಮಿ ಮಾಡಿಕೊಳ್ಳಬಹುದು. ಬೇಲಿಗಿಡ ಕತ್ತರಿಸುವ ಕಾಲದಲ್ಲಿ ಹಾಥಾರ್ನ್ ಗಿಡದ ಮುಳ್ಳು ದಾರಿ ತುಂಬ ಬಿದ್ದಿರುತ್ತದೆ. ಒಂದೊಂದು ಟೈರಿಗೂ 60 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿ. ಚುಚ್ಚಿದ ಮುಳ್ಳಿನಿಂದ ಗಾಳಿ ಹೋಗದಿದ್ದರೆ ಅದನ್ನು ಅಲ್ಲೇ ಬಿಡಿ, ಮನೆಗೆ ಬಂದು ಕೀಳಬಹುದು.

ಇನ್ನು ದಾರಿಯ ಹಕ್ಕಿನ ವಿಷಯ. ನಕ್ಷೆ ತೋರಿಸುವ ಆ್ಯಪ್ ಒಂದು ನಮ್ಮನ್ನು ಕ್ಯಾಮ್ ನದಿಯ ಏರಿಯ ಮೇಲೆ ನಡೆಸಿ, ಕೊನೆಗೆ ಒಬ್ಬೊಬ್ಬರೇ ತೂರಿ ಹೋಗುವ ಕಿರಿದಾದ ಗೇಟಿನ ಮುಂದೆ ತಂದು ನಿಲ್ಲಿಸಿತು. ಗೇಟಿನ ಕಂಬದ ಮೇಲೆ ಹಳದಿ ಬಾಣ, ಅಂದರೆ ಕಾಲುದಾರಿ, ಸೈಕಲ್ ಓಡಿಸುವ ಹಕ್ಕೇ ಇಲ್ಲ. ಬಂದಷ್ಟೂ ದೂರ ಸೈಕಲ್ ತಳ್ಳಿಕೊಂಡು ಹಿಂದಿರುಗಬೇಕಾಯಿತು. ಆ ಆ್ಯಪ್ ಇವತ್ತಿಗೂ ಅದೇ ದಾರಿಯನ್ನು ‘ಗ್ರಾವೆಲ್’ ಎಂದು ತೋರಿಸುತ್ತಿದೆ! ಇಂಗ್ಲೆಂಡಿನಲ್ಲಿ ನದಿಯೇರಿಯ ದಾರಿಗಳಲ್ಲಿ ಹೆಚ್ಚಿನವು ಕಾಲುದಾರಿಗಳೇ. ನೀಲಿ ಬಾಣದ ಕುದುರೆದಾರಿಯಲ್ಲಿ 1968ರ ಕಾನೂನಿನಿಂದ ಸೈಕಲ್ಲಿಗೆ ಅವಕಾಶ ಸಿಕ್ಕಿದೆ, ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ನೇರಳೆ ಮತ್ತು ಕೆಂಪು ಬಾಣದ ದಾರಿಗಳಲ್ಲೂ ಹೋಗಬಹುದು. ಹೊರಡುವ ಮೊದಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 1:25,000 ನಕ್ಷೆ ತೆರೆದಿಡಿ. ಚಿಕ್ಕ ಹಸಿರು ಗೀಟುಗಳ ಸಾಲು ಕಾಲುದಾರಿ, ಉದ್ದ ಗೀಟುಗಳದು ಕುದುರೆದಾರಿ.

ಈಲಿ ಪಟ್ಟಣದ ಕೆಥೆಡ್ರಲ್ ಬಹಳ ದೂರದಿಂದಲೇ ಕಾಣುತ್ತದೆ, ಕಂಡ ಮೇಲೂ ಹತ್ತಿರ ಬರಲು ಸತಾಯಿಸುತ್ತದೆ. ಊರೊಳಗೆ ಹೆಚ್ಚು ಹೊತ್ತು ಬೇಡ. ಅದರ ಬದಲು ಪೂರ್ವಕ್ಕೆ ಹೊರಳಿ ಪ್ರಿಕ್‌ವಿಲೋ ಹಳ್ಳಿಗೆ ಹೋಗಿ ಪಾದ್ರಿಗಳ ಹಳೆಯ ಮನೆ ನೋಡಿ. ಮನೆ ಕಟ್ಟಿದಾಗ ನೆಲಕ್ಕೆ ಹೊಂದಿಕೊಂಡಿದ್ದ ಬಾಗಿಲಿಗೆ ಈಗ ಮೆಟ್ಟಿಲು ಹತ್ತಬೇಕು. ಮನೆ ಅಲ್ಲೇ ನಿಂತಿದೆ, ಸುತ್ತಲಿನ ಪೀಟ್ ಇಳಿದಿದೆ. ಟಾರು ರಸ್ತೆಗಳಿಗೂ ಇದೇ ಗತಿ: ಉಬ್ಬು, ತಗ್ಗು, ಒಂದು ಪಕ್ಕಕ್ಕೆ ವಾಲು, ಉದ್ದಕ್ಕೆ ಚಕ್ರ ಸಿಕ್ಕಿಕೊಳ್ಳುವಂಥ ಬಿರುಕು. ಗಾಳಿ ಹಿಂದಿನಿಂದ ತಳ್ಳುವಾಗ ವೇಗ ತಿಳಿಯುವುದಿಲ್ಲ, ಕೈ ಬ್ರೇಕಿನ ಮೇಲೇ ಇರಲಿ.

ಗಾಳಿಯೇ ಇಲ್ಲಿನ ಬೆಟ್ಟ. ಮರವಿಲ್ಲ, ಮನೆಯಿಲ್ಲ, ಮರೆಯೆಂಬುದೇ ಇಲ್ಲ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವ ಸವಾರನಿಗೆ 25 ಕಿ.ಮೀ. ಎದುರುಗಾಳಿ ಸಿಕ್ಕರೆ ಮೈಗೆ ಬಡಿಯುವುದು 45 ಕಿ.ಮೀ. ಗಾಳಿ, ಅದರ ತಡೆ ಗಾಳಿಯಿಲ್ಲದ ದಿನದ ಐದು ಪಟ್ಟು. ಈ ಕಡೆ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಹಾಗಾಗಿ ಕೇಂಬ್ರಿಡ್ಜ್‌ನಿಂದ ಉತ್ತರಕ್ಕೆ ಒಂದೇ ದಿಕ್ಕಿನಲ್ಲಿ ಸಾಗಿ, ಲಿಟಲ್‌ಪೋರ್ಟ್ ದಾಟಿ, ಗ್ರೇಟ್ ಊಸ್ ನದಿಯ ಪಕ್ಕದ ರಸ್ತೆಯಲ್ಲಿ ಡೆನ್ವರ್ ತೂಬಿನ ಹತ್ತಿರ ಸವಾರಿ ಮುಗಿಸುವುದು ಜಾಣತನ. ಗಾಳಿ ಈಶಾನ್ಯಕ್ಕೆ ತಿರುಗಿದ ದಿನ ಇದನ್ನೇ ಉಲ್ಟಾ ಮಾಡಿ: ಮೊದಲು ರೈಲು, ಆಮೇಲೆ ಸೈಕಲ್.

ಡೆನ್ವರ್‌ನಲ್ಲಿ 1651ರಿಂದಲೂ ತೂಬಿದೆ, ಒಡೆದು ಮತ್ತೆ ಕಟ್ಟಿದ್ದಾರೆ. ಒಂದು ಬದಿಗೆ ಸಮುದ್ರದ ಉಬ್ಬರ ಏರಿಳಿಯುತ್ತದೆ, ಇನ್ನೊಂದು ಬದಿಗೆ ನದಿ ನಿಂತಿರುತ್ತದೆ. ಅಲ್ಲಿಂದ ಡೌನಮ್ ಮಾರ್ಕೆಟ್ ಸ್ಟೇಷನ್ ಹತ್ತಿರದಲ್ಲೇ ಇದೆ, ಕೇಂಬ್ರಿಡ್ಜ್‌ಗೆ ನೇರ ರೈಲು. ಜನಸಂದಣಿಯ ಹೊತ್ತು ತಪ್ಪಿಸಿ ಹತ್ತಿ.

ಚಳಿಗಾಲದಲ್ಲಿ ಐಸ್‌ಲ್ಯಾಂಡಿನಿಂದ ಬರುವ ವೂಪರ್ ಹಂಸಗಳನ್ನು ನೋಡಲು ವೆಲ್ನಿ ಹಳ್ಳಿಗೆ ಹೋಗುವವರು ಎ1101 ರಸ್ತೆ ತೆರೆದಿದೆಯೇ ಎಂದು ಅದೇ ಬೆಳಿಗ್ಗೆ ವಿಚಾರಿಸಿಕೊಳ್ಳಿ. ವರ್ಮೈಡನ್ ಕಾಲದಲ್ಲಿ ತೋಡಿದ ಆ ಎರಡು ನೇರ ನದಿಗಳ, ಅಂದರೆ ಬೆಡ್‌ಫರ್ಡ್ ನದಿಗಳ, ನಡುವಿನ ಬಯಲು ಪ್ರವಾಹದ ನೀರು ತುಂಬಿಕೊಳ್ಳಲೆಂದೇ ಬಿಟ್ಟ ಜಾಗ, ತುಂಬಿದಾಗ ರಸ್ತೆ ಮುಳುಗುತ್ತದೆ. ಅದರೊಳಗೆ ಸೈಕಲ್ ಇಳಿಸಬೇಡಿ. ಬಳಸು ದಾರಿ ಹತ್ತಾರು ಕಿ.ಮೀ., ಚಳಿಗಾಲದಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ, ಎರಡು ದೀಪಗಳಿಗೂ ಪೂರ್ತಿ ಚಾರ್ಜ್ ಇರಲಿ.