3ಜಿ ಮುಚ್ಚುವ ಕೆಲಸದಲ್ಲಿ ನಾನು ಕಲಿತದ್ದು

ಮೊಬೈಲ್ ನೆಟ್‌ವರ್ಕ್ ಪ್ಲ್ಯಾನಿಂಗ್ ನನ್ನ ಕೆಲಸ. ಯಾವ ಟವರಿಗೆ ಯಾವ ಬ್ಯಾಂಡ್ (ತರಂಗಾಂತರದ ಪಟ್ಟಿ) ಹಾಕಬೇಕು, ಆಂಟೆನಾ ಎಷ್ಟು ಬಗ್ಗಿಸಬೇಕು, ಸಿಗ್ನಲ್ ಎಲ್ಲಿವರೆಗೆ ತಲುಪುತ್ತೆ ಅಂತ ಲೆಕ್ಕ ಹಾಕೋದು. ಬಹಳ ವರ್ಷ ಹೊಸದನ್ನು ಹಾಕುವ ಕೆಲಸವನ್ನೇ ಮಾಡಿದ್ದೆ. ಹಳೆಯದನ್ನು ತೆಗೆಯುವ ಕೆಲಸ ಮೊದಲ ಸಲ ಕೈಗೆ ಬಂದದ್ದು ನಮ್ಮ ಕಂಪನಿ 3ಜಿ ನಿಲ್ಲಿಸಲು ತೀರ್ಮಾನ ಮಾಡಿದಾಗ. 2ಜಿ ಅದಕ್ಕೂ ಮೊದಲೇ ಹೋಗಿತ್ತು.

ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ ಅಂತ ಈಗಲೂ ಹೇಳುತ್ತೇನೆ. ತರಂಗಾಂತರ ಅನ್ನೋದು ಅಳತೆ ಮಾಡಿಟ್ಟ ಹೊಲದ ಹಾಗೆ, ಇರುವುದು ಇಷ್ಟೇ. ಅಷ್ಟೇ ಅಗಲದ ಜಾಗದಲ್ಲಿ 3ಜಿಗಿಂತ 4ಜಿ ಎಷ್ಟೋ ಹೆಚ್ಚು ಡೇಟಾ ಸಾಗಿಸುತ್ತೆ. ಹಳೆಯ ಉಪಕರಣ ಕರೆಂಟ್ ತಿನ್ನುತ್ತೆ, ಬಿಡಿಭಾಗ ಸಿಗೋದಿಲ್ಲ. ನಮ್ಮ ರಿಪೋರ್ಟಿನಲ್ಲಿ ಬಹುಪಾಲು ಸೈಟುಗಳಲ್ಲಿ 3ಜಿ ಟ್ರಾಫಿಕ್ ತಳ ಹಿಡಿದಿತ್ತು. ಆ ಗ್ರಾಫ್ ನೋಡಿದ ಯಾರಿಗಾದರೂ 'ಇದನ್ನಿನ್ನೂ ಯಾಕೆ ಇಟ್ಟುಕೊಂಡಿದ್ದೀವಿ?' ಅನ್ನಿಸುತ್ತಿತ್ತು.

ಗ್ರಾಫಿನ ತಳದಲ್ಲಿ ಉಳಿದವರು ಯಾರು ಅಂತ ನಾವು ಕೇಳಿಕೊಂಡ ರೀತಿ ಮಾತ್ರ ಸರಿ ಇರಲಿಲ್ಲ.

ಪ್ರತಿ ಹ್ಯಾಂಡ್‌ಸೆಟ್ಟಿಗೂ 15 ಅಂಕಿಯ ಐಎಂಇಐ ಇರುತ್ತೆ. ಅದರ ಮೊದಲ 8 ಅಂಕಿ ನೋಡಿದರೆ ಯಾವ ಮಾಡೆಲ್ ಅಂತ ಗೊತ್ತಾಗುತ್ತೆ. ನಾವು ಆ 8 ಅಂಕಿ ಹಿಡಿದು ಗ್ರಾಹಕರನ್ನು ಎರಡು ಪಾಲು ಮಾಡಿದೆವು: 4ಜಿ ಇರುವ ಫೋನಿನವರು, ಇಲ್ಲದವರು. ಇಲ್ಲದವರಿಗೆಲ್ಲ ಎಸ್ಎಂಎಸ್ ಹೋಯಿತು, ಒಂದಲ್ಲ, ಮೂರು ನಾಲ್ಕು ಸಲ. ಇರುವವರಿಗೆ ಏನೂ ಹೋಗಲಿಲ್ಲ. ಅವರಿಗೆ ತೊಂದರೆ ಇಲ್ಲ ಅಂತಲೇ ನಮ್ಮ ಲೆಕ್ಕ.

ಮುಚ್ಚಿದ ಎರಡನೇ ವಾರ ನನ್ನ ಮೇಜಿಗೆ ಬಂದ ದೂರು ಹೀಗಿತ್ತು: 'ಫೋನ್ 4ಜಿ ಅಂತ ತೋರಿಸುತ್ತೆ, ಕಾಲ್ ಹೋಗುವುದೇ ಇಲ್ಲ.' ಕಾಲ್ ಸೆಂಟರಿನವರು ಮೂರು ಸಲ 'ಫೋನ್ ರೀಸ್ಟಾರ್ಟ್ ಮಾಡಿ' ಅಂತ ಹೇಳಿ ದೂರನ್ನು ಮುಚ್ಚಿದ್ದರು. ನಾಲ್ಕನೇ ಸಲ ದೂರು ಕೊಟ್ಟದ್ದು ಆ ಮನೆಯವರಲ್ಲ, ಪಕ್ಕದ ಮನೆಯವರು, ತಮ್ಮ ಫೋನಿನಿಂದ. ನಮ್ಮ ನಕ್ಷೆಯಲ್ಲಿ ಸಿಗ್ನಲ್ ಇದೆ ಅಂತ ತೋರಿಸುವ ಹಸಿರು ಬಣ್ಣದ ಒಳಗೇ ಆ ಮನೆ ಇತ್ತು, ಅಂಚಿಗೆ ಹತ್ತಿರ. ಟೆಸ್ಟ್ ಫೋನು ತೆಗೆದುಕೊಂಡು ಹೊರಟೆ.

ಮನೆಯಲ್ಲಿದ್ದದ್ದು ವಯಸ್ಸಾದ ದಂಪತಿ. ಯಜಮಾನರು ಹಾಸಿಗೆ ಹಿಡಿದಿದ್ದರು. ಆ ಅಮ್ಮ ನನ್ನನ್ನು ನೇರ ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಕಿಟಕಿ ಕಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಫೋನಿನ ಅಳತೆಯ ಒಂದು ಚೌಕ ಗೀಚಿತ್ತು. "ಇಲ್ಲಿ ಇಟ್ಟರೆ ಮೊದಲು ಕೇಳ್ತಿತ್ತಪ್ಪಾ. ಎರಡು ಬೆರಳು ಆಚೆ ಈಚೆ ಆದರೂ ಕಟ್ ಆಗೋದು. ಈಗ ಇಲ್ಲೂ ಇಲ್ಲ."

ವಾಹನದಲ್ಲಿ ಸುತ್ತಿ ಸಿಗ್ನಲ್ ಅಳೆಯುವ ನಮ್ಮ ಡ್ರೈವ್ ಟೆಸ್ಟ್ ಎಂಜಿನಿಯರುಗಳು ಲಕ್ಷಗಟ್ಟಲೆ ಬೆಲೆಯ ಸ್ಕ್ಯಾನರ್ ಇಟ್ಟುಕೊಂಡು ಹುಡುಕುವುದನ್ನೇ ಆಕೆ ಪೆನ್ಸಿಲ್ಲಿನಿಂದ ಗುರುತು ಮಾಡಿಟ್ಟಿದ್ದರು. ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ ಒಂದಕ್ಕೊಂದು ಸೇರುವ ಕಡೆ ಸಿಗ್ನಲ್ ಏರುತ್ತೆ, ಅಲ್ಲಿಂದ ಕೆಲವೇ ಸೆಂಟಿಮೀಟರ್ ಸರಿದರೆ ಬಿದ್ದುಹೋಗುತ್ತೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಎರಡು ಬೆರಳು ಅಂತ ಆಕೆ ಹೇಳಿದ್ದು ಉತ್ಪ್ರೇಕ್ಷೆ ಆಗಿರಲಿಲ್ಲ.

ಅಂಗಳದಲ್ಲಿ ಅಳೆದೆ: ಮೈನಸ್ 104 ಡಿಬಿಎಂ. ಡಿಬಿಎಂ ಅನ್ನೋದು ಸಿಗ್ನಲ್ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ. ಪರವಾಗಿಲ್ಲ ಅನ್ನುವ ಮಟ್ಟ. ಯಜಮಾನರು ಮಲಗಿದ್ದ ಒಳಕೋಣೆಯಲ್ಲಿ ಮೈನಸ್ 121. ಹದಿನೇಳು ಡಿಬಿ ವ್ಯತ್ಯಾಸ ಅಂದರೆ ಕಿವಿಗೆ ಸಣ್ಣದಾಗಿ ಕೇಳಿಸಬಹುದು. ಶಕ್ತಿಯ ಲೆಕ್ಕದಲ್ಲಿ ಅಂಗಳಕ್ಕೆ ಬಂದದ್ದರ ಐವತ್ತನೇ ಒಂದು ಪಾಲು ಮಾತ್ರ ಒಳಗೆ ಸಿಗುತ್ತಿತ್ತು.

ಇದು ನಮ್ಮ ಕೈಯಾರೆ ಆದದ್ದು. ಆ ಟವರಿನಲ್ಲಿ 3ಜಿ ಓಡುತ್ತಿದ್ದದ್ದು 900 ಬ್ಯಾಂಡಿನಲ್ಲಿ, 4ಜಿ ಓಡುತ್ತಿದ್ದದ್ದು 1800ರಲ್ಲಿ. ಫ್ರೀಕ್ವೆನ್ಸಿ ಎರಡು ಪಟ್ಟಾದರೆ ಬಟಾಬಯಲಿನಲ್ಲೂ 6 ಡಿಬಿ ಹೆಚ್ಚು ನಷ್ಟ, ಅಂದರೆ ಕೈಗೆ ಸಿಗುವುದು ಕಾಲು ಪಾಲು. ಗೋಡೆಗಳ ನಷ್ಟ ಅದರ ಮೇಲೆ. 900 ಬ್ಯಾಂಡನ್ನು ಖಾಲಿ ಮಾಡಿ ಅಲ್ಲೇ 4ಜಿ ಹಾಕುವುದು ಯೋಜನೆಯಲ್ಲಿ ಇತ್ತು. ಆದರೆ ಖಾಲಿ ಮಾಡುವ ತಂಡ ಬೇರೆ, ಹಾಕುವ ತಂಡ ಬೇರೆ. ನಡುವೆ ಆರು ವಾರದ ಅಂತರ. ನಕ್ಷೆ ತಯಾರಿಸಿದ ನಾವು ಆ ಆರು ವಾರಕ್ಕೆ ಬೇರೆ ನಕ್ಷೆ ಬರೆಯಲೇ ಇಲ್ಲ. ಆರು ವಾರ ಅನ್ನೋದು ನಮಗೆ ಎಕ್ಸೆಲ್ ಶೀಟಿನ ಎರಡು ಕಾಲಮ್. ಆ ಮನೆಯಲ್ಲಿ ಅಷ್ಟೂ ದಿನ ಡಾಕ್ಟರಿಗೆ ಫೋನ್ ಮಾಡಬೇಕಾದರೆ ಒಬ್ಬರನ್ನು ಒಳಗೆ ಬಿಟ್ಟು ಇನ್ನೊಬ್ಬರು ಹೊರಗೆ ಓಡಬೇಕಿತ್ತು.

ಅಷ್ಟೇ ಆಗಿದ್ದರೆ ಅಂಗಳಕ್ಕೆ ಬಂದರೆ ಕಾಲ್ ಹೋಗಬೇಕಿತ್ತು. ಆಕೆಯ ಫೋನಿನಿಂದ ಅಂಗಳದಲ್ಲೂ ಹೋಗಲಿಲ್ಲ. ಪರದೆಯ ಮೂಲೆಯಲ್ಲಿ 4ಜಿ ಅಂತ ಇದೆ, ಮಗಳು ಕಳಿಸಿದ ಫೋಟೋ ಬರುತ್ತೆ, ನಂಬರ್ ಒತ್ತಿದರೆ ಎರಡು ಕ್ಷಣ ಸುಮ್ಮನಿದ್ದು ಕಟ್.

ಇದರ ಬೇರು 4ಜಿ ಹುಟ್ಟಿದ ರೀತಿಯಲ್ಲೇ ಇದೆ. 4ಜಿ ಸೇವೆ ಮೊದಲು ಶುರುವಾದದ್ದು 2009ರ ಡಿಸೆಂಬರಿನಲ್ಲಿ, ಸ್ಟಾಕ್‌ಹೋಮ್ ಮತ್ತು ಓಸ್ಲೋದಲ್ಲಿ. ಅದನ್ನು ಕಟ್ಟಿದ್ದೇ ಡೇಟಾಕ್ಕೆ. ಹಳೆಯ ಕಾಲದ ಹಾಗೆ ಮಾತಿಗೆಂದೇ ಮೀಸಲಾದ ದಾರಿ ಅದರಲ್ಲಿಲ್ಲ. ಮಾತನ್ನೂ ಡೇಟಾ ಮಾಡಿ ಕಳಿಸುವ ವೋಲ್ಟೆ ಜನರ ಕೈಗೆ ಬರತೊಡಗಿದ್ದು 2012ರಲ್ಲಿ. ಅಲ್ಲಿಯವರೆಗೆ, ಎಷ್ಟೋ ಕಡೆ ಅದಾದ ಮೇಲೂ ಬಹಳ ಕಾಲ, ನಾವು ನಂಬರ್ ಒತ್ತಿದ ತಕ್ಷಣ ಫೋನು 4ಜಿ ಬಿಟ್ಟು ಸದ್ದಿಲ್ಲದೆ 3ಜಿಗೋ 2ಜಿಗೋ ಇಳಿದು ಕಾಲ್ ಮಾಡಿ, ಮುಗಿದ ಮೇಲೆ ಮತ್ತೆ ಹತ್ತುತ್ತಿತ್ತು. ಬಳಸುವವರಿಗೆ ಗೊತ್ತಾಗುತ್ತಿರಲಿಲ್ಲ. ಆಕೆಯ ಫೋನು ಇಷ್ಟು ದಿನ ಮಾಡಿದ್ದು ಅದನ್ನೇ. ಈಗ ಇಳಿಯಲು ಕೆಳಗೆ ಮೆಟ್ಟಿಲೇ ಇಲ್ಲ.

'ಆ ಮಾಡೆಲಿಗೆ ವೋಲ್ಟೆ ಇದೆಯಲ್ಲ' ಅಂತ ಆಫೀಸಿನಲ್ಲಿ ಹೇಳಿದರು. ಇದೆ, ನಿಜ. ಆದರೆ ಎಷ್ಟೋ ಫೋನುಗಳಲ್ಲಿ ಕಂಪನಿ ಕಂಪನಿಗೂ ಬೇರೆ ಸೆಟ್ಟಿಂಗ್ ಇರುತ್ತೆ. ತಯಾರಕರು ಯಾವ ನೆಟ್‌ವರ್ಕಿಗೆ ಸೆಟ್ಟಿಂಗ್ ಹಾಕಿ ಕಳಿಸಿದ್ದಾರೋ ಅಲ್ಲಿ ಮಾತ್ರ ವೋಲ್ಟೆ ಕೆಲಸ ಮಾಡುತ್ತೆ. ಆಕೆಯದು ಸೆಕೆಂಡ್‌ಹ್ಯಾಂಡ್, ಬೇರೆ ಕಂಪನಿಗಾಗಿ ತಯಾರಾದದ್ದು. ಸಿಮ್ ನಮ್ಮದು. ಸೆಟ್ಟಿಂಗ್ಸ್ ತೆರೆದು ನೋಡಿದರೆ ವೋಲ್ಟೆಯ ಗುಂಡಿಯೇ ಅಲ್ಲಿರಲಿಲ್ಲ. ಹೊಸ ಫೋನು ಕೊಳ್ಳುವವರಿಗೆ ಈ ತಾಪತ್ರಯ ಕಡಿಮೆ. ಮಕ್ಕಳು ಬಳಸಿ ಬಿಟ್ಟದ್ದನ್ನು, ಯಾರೋ ಮಾರಿದ್ದನ್ನು ಕೈಗೆತ್ತಿಕೊಳ್ಳುವವರಿಗೇ ಇದು ಹೆಚ್ಚು ತಟ್ಟುತ್ತೆ. ಮಾಡೆಲ್ ಹೆಸರಿನ ಆಧಾರದ ಮೇಲೆ ಮಾಡಿದ ನಮ್ಮ ಪಟ್ಟಿಗೆ ಇವರು ಕಾಣುವ ಹಾಗೇ ಇರಲಿಲ್ಲ.

ಆಸ್ಟ್ರೇಲಿಯಾದಲ್ಲಿ ಇದಕ್ಕಿಂತ ಅಪಾಯದ ಒಂದು ಸಂಗತಿ ಬಯಲಿಗೆ ಬಂತು. ಕೆಲವು ಫೋನುಗಳು ಮಾಮೂಲಿ ಕಾಲನ್ನು 4ಜಿಯಲ್ಲೇ ಸರಿಯಾಗಿ ಮಾಡುತ್ತಿದ್ದವು. ತುರ್ತು ನಂಬರ್ 000 ಒತ್ತಿದರೆ ಮಾತ್ರ 3ಜಿಯನ್ನು ಹುಡುಕುತ್ತಿದ್ದವು. ಅಂದರೆ ದಿನವೂ ಫೋನ್ ಮಾಡಿ 'ನನ್ನದು ಸರಿ ಇದೆ' ಅಂದುಕೊಂಡವರಿಗೆ ಆಂಬುಲೆನ್ಸ್ ಬೇಕಾದ ದಿನವೇ ಗೊತ್ತಾಗಬೇಕು. ಅಲ್ಲಿ ಮುಚ್ಚುವ ದಿನವನ್ನು 2024ರ ಅಕ್ಟೋಬರ್ 28ಕ್ಕೆ ಮುಂದೆ ಹಾಕಿದರು. ಅಮೆರಿಕದಲ್ಲಿ 2022ರಲ್ಲಿ ದೊಡ್ಡ ಕಂಪನಿಗಳು 3ಜಿ ನಿಲ್ಲಿಸಿದಾಗ ಫೋನಿನ ಜೊತೆ ಕಳ್ಳರ ಅಲಾರಂ, ಹಳೆಯ ಕಾರುಗಳ ತುರ್ತು ಕರೆಯ ಸಾಧನ, ವಯಸ್ಸಾದವರು ಕೊರಳಿಗೆ ಹಾಕಿಕೊಳ್ಳುವ ಬಟನ್ ಇವೂ ಬದಲಾಗಬೇಕಾಯಿತು. ಇಂಥವಕ್ಕೆಲ್ಲ ಎಸ್ಎಂಎಸ್ ಕಳಿಸಿ ಏನು ಪ್ರಯೋಜನ? ಗೋಡೆಗೆ ಹಾಕಿದ ಅಲಾರಂ ಬಂದ ಮೆಸೇಜನ್ನು ಯಾರಿಗೆ ಓದಿ ಹೇಳುತ್ತೆ?

ಇನ್ನೊಂದು ಮಾತು. 'ಕಡ್ಡಿ ಫುಲ್ ಇದೆ, ಆದರೂ ಹೋಗಲ್ಲ' ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಿ. ಪರದೆಯ ಮೇಲಿನ ಕಡ್ಡಿಗಳು ಹೇಳುವುದು ಟವರಿನ ಮಾತು ಫೋನಿಗೆ ಎಷ್ಟು ಕೇಳಿಸುತ್ತೆ ಅನ್ನುವುದನ್ನು ಮಾತ್ರ. ಫೋನಿನ ಮಾತು ಟವರಿಗೆ ಕೇಳಿಸುತ್ತೋ ಇಲ್ಲವೋ ಅದರಲ್ಲಿ ಕಾಣೋದಿಲ್ಲ. ಟವರಿನ ರೇಡಿಯೋ ಹತ್ತಾರು ವ್ಯಾಟಿನದು, ಸಾಮಾನ್ಯ 4ಜಿ ಫೋನಿನದು ಹೆಚ್ಚೆಂದರೆ ವ್ಯಾಟಿನ ಐದನೇ ಒಂದು ಪಾಲು. 900 ಬ್ಯಾಂಡಿನ ಹಳೆಯ 2ಜಿ ಕೀಪ್ಯಾಡ್ ಫೋನುಗಳು ಮಿಡಿತ ಮಿಡಿತವಾಗಿ ಎರಡು ವ್ಯಾಟ್ ತನಕ ಹಾಕುತ್ತಿದ್ದವು. 'ನನ್ನ ಹಳೇ ಡಬ್ಬಾ ಫೋನೇ ಚೆನ್ನಾಗಿತ್ತು' ಅನ್ನುವವರ ಮಾತಿನಲ್ಲಿ ಹುರುಳಿದೆ. ಇನ್ನೂ ಕೆಲವು ಕಡೆ ಕಡ್ಡಿ, ಕಾಲ್ ಎರಡೂ ಸರಿ ಇದ್ದು ಸಂಜೆ ಹೊತ್ತು ಇಂಟರ್ನೆಟ್ ತೆವಳುತ್ತೆ. ಅಲ್ಲಿ ಎಷ್ಟೋ ಸಲ ಟವರನ್ನು ಮುಖ್ಯ ನೆಟ್‌ವರ್ಕಿಗೆ ಜೋಡಿಸುವ ಮೈಕ್ರೋವೇವ್ ಲಿಂಕ್ ಕಿರಿದಾಗಿರುತ್ತೆ.

ಸಿಗ್ನಲ್ ಇದ್ದ ಮಾತ್ರಕ್ಕೆ ಸೇವೆ ಸಿಕ್ಕಂತಲ್ಲ ಅಂತ ಜಗತ್ತಿನ ಲೆಕ್ಕವೂ ಹೇಳುತ್ತೆ. ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್ಎಂಎ 2024ರಲ್ಲಿ ಕೊಟ್ಟ ವರದಿ ಪ್ರಕಾರ ಮೊಬೈಲ್ ಬ್ರಾಡ್‌ಬ್ಯಾಂಡ್ ಸಿಗ್ನಲ್ಲೇ ತಲುಪದ ಜಾಗದಲ್ಲಿರುವವರು ಸುಮಾರು 35 ಕೋಟಿ. ಸಿಗ್ನಲ್ ಇದ್ದೂ ಮೊಬೈಲ್ ಇಂಟರ್ನೆಟ್ ಬಳಸದವರು 300 ಕೋಟಿಗೂ ಹೆಚ್ಚು. ನಮ್ಮ ನಕ್ಷೆಗಳಲ್ಲಿ ಆ 300 ಕೋಟಿ ಜನ ಹಸಿರು ಬಣ್ಣದ ಒಳಗೇ ಇದ್ದಾರೆ. ಫೋನಿನ ಬೆಲೆ, ಓದುಬರಹ, ಭಯ, ಕಾರಣ ಬೇಕಾದಷ್ಟಿವೆ. ನನ್ನ ಕೈಯಲ್ಲಿರೋದು ಅದರಲ್ಲಿ ತುಂಬಾ ಸಣ್ಣ ಪಾಲು. ಆದರೂ ಇದ್ದವರನ್ನು ಹೊರಗೆ ಹಾಕದ ಹಾಗೆ ನೋಡಿಕೊಳ್ಳೋದು ಆ ಸಣ್ಣ ಪಾಲಿನೊಳಗೇ ಬರುತ್ತೆ.

ಆ ಮನೆಯಿಂದ ವಾಪಸ್ ಬಂದವನು ಪಟ್ಟಿಯನ್ನು ಬೇರೆ ರೀತಿಯಲ್ಲಿ ತೆಗೆಸಿದೆ. ಮಾಡೆಲ್ ಯಾವುದು ಅಂತ ನೋಡುವುದನ್ನು ಬಿಟ್ಟು, ಇನ್ನೂ ಮುಚ್ಚದ ಪ್ರದೇಶಗಳಲ್ಲಿ ಕಳೆದ 30 ದಿನ ಪ್ರತಿ ನಂಬರಿನ ಕಾಲ್ ನಿಜವಾಗಿ ಯಾವ ದಾರಿಯಲ್ಲಿ ಹೋಗಿದೆ ಅಂತ ನೋಡಿದೆವು. ಡೇಟಾಕ್ಕೆ 4ಜಿ, ಮಾತಿಗೆ ಪ್ರತಿ ಸಲವೂ 3ಜಿ, ಇಂಥ ನಂಬರುಗಳನ್ನು ಹೆಕ್ಕಿದೆವು. ಮೊದಲಿನದರ ದುಪ್ಪಟ್ಟಿಗಿಂತಲೂ ದೊಡ್ಡ ಪಟ್ಟಿ ಬಂತು. ಈ ಮಾಹಿತಿ ನಮ್ಮ ಸರ್ವರಿನಲ್ಲಿ ಮೊದಲ ದಿನದಿಂದಲೂ ಬಿದ್ದಿತ್ತು, ಯಾರೂ ಕೇಳಿರಲಿಲ್ಲ. 900ರಲ್ಲಿ 4ಜಿ ಅದೇ ರಾತ್ರಿ ಏಳದಿದ್ದರೆ 3ಜಿ ಮುಚ್ಚಕೂಡದು ಅಂತ ಎರಡೂ ತಂಡದ ಕೆಲಸದ ಪತ್ರ ಒಂದೇ ಮಾಡಿಸಿದೆ. ಅದಕ್ಕೆ ನಡೆದ ಜಗಳ ಇಲ್ಲಿ ಬೇಡ.

ಆಕೆಗೆ ನಮ್ಮ ನೆಟ್‌ವರ್ಕಿನಲ್ಲಿ ಕೆಲಸ ಮಾಡುವ ಬೇರೆ ಫೋನು ಕೊಡಿಸಿದೆವು. 900ರಲ್ಲಿ 4ಜಿ ಬಂದ ಮೇಲೆ ಮತ್ತೆ ಹೋಗಿ ಒಳಕೋಣೆಯಲ್ಲಿ ಅಳೆದೆ, ಮೈನಸ್ 108. ಯಜಮಾನರ ಮಂಚದ ಪಕ್ಕದಿಂದಲೇ ಡಾಕ್ಟರಿಗೆ ಕಾಲ್ ಹೋಯಿತು.

ದೊಡ್ಡ ಪಟ್ಟಿಯಲ್ಲಿ ಇದ್ದವರಿಗೆ ಎಸ್ಎಂಎಸ್ ಸಾಲದು ಅಂತ ತೀರ್ಮಾನ ಮಾಡಿದೆವು. ಮುಚ್ಚಿದ ಮೇಲೆ ಅವರಿಗೆ ನಾವು ಫೋನ್ ಮಾಡಿ ತಿಳಿಸುವ ಹಾಗೂ ಇಲ್ಲ, ಅವರು ನಮಗೆ ಮಾಡುವ ಹಾಗೂ ಇಲ್ಲ. ಏನು ಹೇಳಬೇಕಿದ್ದರೂ ಅವರ ಫೋನು ಇನ್ನೂ ರಿಂಗ್ ಆಗುವಾಗಲೇ ಹೇಳಬೇಕು. ಹಾಗಾಗಿ ಒಂದೊಂದು ಪ್ರದೇಶ ಮುಚ್ಚುವ ಮೊದಲೂ ತಂಡದವರೆಲ್ಲ ನಂಬರು ಹಂಚಿಕೊಂಡು ಕೂರುತ್ತೇವೆ. ಸಿಮ್ ಯಾರ ಹೆಸರಿನಲ್ಲಿದೆ ಅಂತಲ್ಲ, ಫೋನು ಯಾರ ಕೈಯಲ್ಲಿದೆ ಅಂತ ಕೇಳಿ ಅವರ ಹತ್ತಿರವೇ ಮಾತಾಡುತ್ತೇವೆ. ಈ ವಾರ ನನ್ನ ಪಾಲಿಗೆ 40 ನಂಬರು. ಮಧ್ಯಾಹ್ನದ ಹೊತ್ತಿಗೆ 19 ಆಗಿವೆ. ಎತ್ತದ 6 ನಂಬರಿಗೆ ಸಂಜೆ ಮತ್ತೆ ಮಾಡಬೇಕು.