‘ನೀ ಇನ್ನೂ ವಾಲ್ವ್ ಹಿಡಕೊಂಡ ಕುಂತಿಯೇನ?’

ನನ್ನ ಕೆಲಸ ಪುಟ್ಟ ಪುಟ್ಟ ವಾಲ್ವ್‌ಗಳ ಮೇಲೆ. ನಲ್ಲಿಯ ವಾಲ್ವ್ ಅಲ್ಲ; ಹಳೇ ರೇಡಿಯೊದಲ್ಲಿದ್ದಂಥವು, ಗಾಳಿ ತೆಗೆದ ಜಾಗದಲ್ಲಿ ಎಲೆಕ್ಟ್ರಾನ್ ಓಡಿಸಿ ಕರೆಂಟನ್ನು ಹಿಡಿತದಲ್ಲಿಡುವಂಥವು. ಉಗುರಿನ ಮೇಲೆ ಕೂರುವಷ್ಟು ಸಣ್ಣವು, ಕುಲುಮೆಯಂಥ ಬಿಸಿಯಲ್ಲೂ ನಡೆಯಬೇಕಾದವು. ಹೀಗಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: ವಾಲ್ವ್ ಕಾಲ ಮುಗೀತಲ್ವಾ? ಬಾಯಲ್ಲಿ ಹೇಳಿ ಸಾಕಾಗಿದೆ.

ಗದಗಿನ ಒಂದು ಮದುವೆ. ಊಟಕ್ಕೆ ಕೂತಾಗ ಸೋದರಮಾವ ಇಡೀ ಪಂಕ್ತಿಗೆ ಕೇಳುವಂತೆ, "ತಮ್ಮಾ, ಟ್ರಾನ್ಸಿಸ್ಟರ್ 1947ರಾಗ ಬಂತು. ನೀ ಇನ್ನೂ ವಾಲ್ವ್ ಹಿಡಕೊಂಡ ಕುಂತಿಯೇನ?" ಎಂದರು. ವಾಲ್ವ್‌ನ ಕೆಲಸವನ್ನೇ ಸಿಲಿಕಾನ್‌ನಂಥ ಗಟ್ಟಿ ವಸ್ತುವಿನೊಳಗೆ ಮಾಡುವುದು ಟ್ರಾನ್ಸಿಸ್ಟರ್, ನಿಜ. ಆದರೂ ಆ ‘ಇನ್ನೂ’ ಕೇಳಿದರೆ ನನಗೆ ಸಿಟ್ಟು ಬರುತ್ತದೆ. "ಮಾಮಾ, ನಿಮ್ಮ ಮೈಕ್ರೋವೇವ್ ಓವನ್‌ನಾಗ ಅಲೆ ಹುಟ್ಟಸೋ ಮ್ಯಾಗ್ನೆಟ್ರಾನ್ ಸೈತ ಅದೇ ಜಾತೀದು" ಎಂದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಸಿಲಿಕಾನ್ ಕಾದರೆ ಅದರೊಳಗಿನ ಎಲೆಕ್ಟ್ರಾನ್‌ಗಳು ತಾವಾಗಿಯೇ ಬಿಡಿಸಿಕೊಂಡು ಓಡಾಡುತ್ತವೆ. ಆಫ್ ಮಾಡಿದರೂ ಕರೆಂಟ್ ಸೋರುತ್ತದೆ. ಸಾಮಾನ್ಯ ಚಿಪ್ 150 ಡಿಗ್ರಿ ದಾಟಿದರೆ ನಂಬುವಂತಿಲ್ಲ. ಶುಕ್ರ ಗ್ರಹದ ನೆಲ ಸುಮಾರು 460 ಡಿಗ್ರಿ. 1982ರಲ್ಲಿ ಅಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಬದುಕಿದ್ದು 127 ನಿಮಿಷ. ಅದೂ ಮೊದಲೇ ತಣಿಸಿ, ಶಾಖ ತಡೆಯುವ ಗೂಡಿನೊಳಗೆ ಉಪಕರಣಗಳನ್ನು ಇಟ್ಟಿದ್ದರಿಂದ. ವಾಲ್ವ್‌ನಲ್ಲಿ ಎಲೆಕ್ಟ್ರಾನ್ ಓಡುವುದು ಖಾಲಿ ಜಾಗದಲ್ಲಿ. ಅಲ್ಲಿ ಕಾಯಲು ವಸ್ತುವೇ ಇಲ್ಲ! ಹಳೇ ರೇಡಿಯೊ ವಾಲ್ವ್‌ನಲ್ಲಿ ಎಲೆಕ್ಟ್ರಾನ್ ಉಗುಳುವ ಭಾಗವಾದ ಕ್ಯಾಥೋಡ್ 700 ಡಿಗ್ರಿ ದಾಟಿ ಕೆಂಪಗಾದ ಮೇಲೇ ಧಾರವಾಡ ಆಕಾಶವಾಣಿ ಕೇಳಿಸುತ್ತಿತ್ತು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1980ರ ಆಸುಪಾಸಿಗೇ ಪುಟಾಣಿ ವಾಲ್ವ್‌ಗಳು 500 ಡಿಗ್ರಿಯಲ್ಲಿ ನಡೆದಿವೆ.

ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ಹುಬ್ಬಳ್ಳಿ ದುರ್ಗದಬೈಲಿನ ಹತ್ತಿರ ರೇಡಿಯೊ ರಿಪೇರಿ ಮಾಡುತ್ತಿದ್ದ ಅಜ್ಜ. "ಅಷ್ಟ ಬಿಸಿಯೊಳಗ ಗಾಳಿ ಒಳಗ ಬರದಂಗ ಹೆಂಗ ತಡೀತಿ?"

ನನ್ನ ನಿದ್ದೆ ಕೆಡಿಸುವುದು ಅದೇ. ಲೋಹ, ಸೆರಾಮಿಕ್ ಕಾದಾಗ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಬೆಸುಗೆ ಬಿರುಕು ಬಿಡುತ್ತದೆ. ಅದು ಗಟ್ಟಿಯಾಗಿದ್ದರೂ ಬಿಸಿಗೆ ಗೋಡೆಗಳೇ ಅನಿಲ ಬಿಡುತ್ತವೆ. ಜಾಗ ಸಾಸಿವೆಯಷ್ಟು, ಹಾಗಾಗಿ ಚೂರು ಅನಿಲವೂ ಜಾಸ್ತಿಯೇ. ಇದರ ಮೇಲೆ, ಎಲೆಕ್ಟ್ರಾನ್‌ಗಳ ಓಟವನ್ನು ಹಿಡಿತದಲ್ಲಿಡುವ ಜಾಲರಿ, ಅಂದರೆ ಗ್ರಿಡ್ ಕೂಡ ಕಾದು ತಾನೇ ಎಲೆಕ್ಟ್ರಾನ್ ಉಗುಳಬಾರದು.

ಅಜ್ಜ ಡ್ರಾಯರ್‌ನಿಂದ ಒಂದು ವಾಲ್ವ್ ತೆಗೆದರು. ಗಾಜಿನೊಳಗೆ ಉಳಿದ ಗಾಳಿಯನ್ನು ಹೀರಲು ಬಳಿದ ಬೇರಿಯಂ ಬೆಳ್ಳಿಯಂತೆ ಹೊಳೆಯಬೇಕು. ಇದರಲ್ಲಿ ಸುಣ್ಣದಂತೆ ಬೆಳ್ಳಗಾಗಿತ್ತು.

"ಇದರಾಗ ಗಾಳಿ ಹೊಕ್ಕೈತಿ" ಎಂದು ನನ್ನ ಕೈಗಿಟ್ಟು, ಕೂರಲು ಸ್ಟೂಲ್ ಎಳೆದರು.