ಇನ್ಸುಲಾಗೆ ಏಳು ತಿಂಗಳ ದಾರಿ

ಜನವರಿ ಕೊನೆಯ ಬುಧವಾರ. ಮಿನಿಯಾಪೊಲಿಸ್‌ನಲ್ಲಿ ಹೊರಗೆ ಮೂಗು ಹೆಪ್ಪುಗಟ್ಟುವ ಚಳಿ. ನಾನು, ಅಣ್ಣ ಅಡುಗೆಮನೆ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ತೆರೆದು ಕೂತಿದ್ದೆವು. ಬೌಂಡರಿ ವಾಟರ್ಸ್ ಕಾಡಿಗೆ ಹೋಗುವ ಪರ್ಮಿಟ್‌ಗಳ ಬುಕಿಂಗ್ ಶುರುವಾಗುವುದು ಪ್ರತಿವರ್ಷ ಆ ದಿನವೇ. ನಾವು ನೀರಿಗಿಳಿಯುವುದು ಆಗಸ್ಟ್ ಕೊನೆಗೆ. ಮಧ್ಯೆ ಏಳು ತಿಂಗಳು. ಆ ಏಳು ತಿಂಗಳೂ ಪ್ರವಾಸವೇ ಅಂತ ನನಗೆ ಈಗ ಅನ್ನಿಸುತ್ತದೆ.

ಬೌಂಡರಿ ವಾಟರ್ಸ್ ಇರುವುದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಉತ್ತರದ ತುದಿಯಲ್ಲಿ, ಕೆನಡಾ ಗಡಿಗೆ ಅಂಟಿಕೊಂಡು. 10 ಲಕ್ಷ ಎಕರೆಗೂ ಜಾಸ್ತಿ ಕಾಡು. ಅದರೊಳಗೆ ಸಾವಿರಕ್ಕೂ ಹೆಚ್ಚು ಕೆರೆಗಳು. ಒಳಗೆ ರಸ್ತೆ ಇಲ್ಲ, ಅಂಗಡಿ ಇಲ್ಲ. ಹೆಚ್ಚಿನ ಕೆರೆಗಳಲ್ಲಿ ಮೋಟಾರು ದೋಣಿಯೂ ಇಲ್ಲ. ಕನೂ ಎಂಬ ಉದ್ದನೆಯ ಹಗುರ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಬೇಕು. ಒಂದು ಕೆರೆ ಮುಗಿದರೆ ದೋಣಿಯನ್ನು ತಲೆಯ ಮೇಲೆ ಮಗುಚಿ ಹೊತ್ತು, ಕಾಲುದಾರಿಯಲ್ಲಿ ನಡೆದು, ಮುಂದಿನ ಕೆರೆಗೆ ಇಳಿಸಬೇಕು. ಈ ಹೊರುವ ದಾರಿಗೆ ಪೋರ್ಟೇಜ್ ಅಂತಾರೆ. ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನ ಬರ್ಚ್ ಮರದ ತೊಗಟೆಯ ದೋಣಿ ಹೊತ್ತು ನೂರಾರು ವರ್ಷ ನಡೆದ ದಾರಿಗಳಿವು. ತುಪ್ಪಳದ ವ್ಯಾಪಾರಿಗಳು ಬಂದದ್ದು ಆಮೇಲೆ.

ಇಲ್ಲಿಗೆ ಹೋಗಲೇಬೇಕು ಅಂತ ಹಟ ಹಿಡಿದವನು ಅಣ್ಣ. ಅಣ್ಣ ಅಂದರೆ ನಮ್ಮ ದೊಡ್ಡಪ್ಪನ ಮಗ. ನಮ್ಮದು ಶರಾವತಿ ಹಿನ್ನೀರಿನ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಜ್ಜನ ಮನೆ, ಅಡಿಕೆ ತೋಟ ಎಲ್ಲ ನೀರಿನಡಿ ಹೋದವು. ಅದೇ 1964ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಕಾಡುಗಳನ್ನು ಇದ್ದ ಹಾಗೇ ಉಳಿಸುವ ಕಾನೂನು ಬಂತು. ಈ ಜಾಗವೂ ಅದರಲ್ಲಿ ಸೇರಿತು. ಅದಕ್ಕೂ ಮುಂಚೆ, 1920ರ ದಶಕದಲ್ಲಿ, ಮರದ ಉದ್ಯಮಿಯೊಬ್ಬ ಗಡಿಯ ಕೆರೆಗಳಿಗೆ ಸಾಲಾಗಿ ಅಣೆಕಟ್ಟು ಕಟ್ಟಲು ಹೊರಟಿದ್ದ. 1930ರಲ್ಲಿ ಅಮೆರಿಕದ ಸಂಸತ್ತು ಇಲ್ಲಿನ ನೀರಿನ ಮಟ್ಟವನ್ನು ಬದಲಿಸಕೂಡದು ಅಂತ ಕಾನೂನು ಮಾಡಿತು. ಅಣ್ಣ ಇದನ್ನು ಓದಿ, "ಕಟ್ಟದೇ ಬಿಟ್ಟಿದ್ದು ಹೆಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು ಕಣೋ" ಅಂದಿದ್ದ.

ಪರ್ಮಿಟ್ ವಿಷಯಕ್ಕೆ ಬರುತ್ತೇನೆ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದೊಂದು ಪ್ರವೇಶದ ಜಾಗಕ್ಕೂ ದಿನಕ್ಕೆ ಇಷ್ಟೇ ತಂಡ ಅಂತ ಲೆಕ್ಕ ಇದೆ. ಒಂದು ತಂಡದಲ್ಲಿ 9 ಜನ, 4 ದೋಣಿ ಮೀರುವಂತಿಲ್ಲ. ನಾವು ನಾಲ್ಕು ಜನ: ಅಣ್ಣ, ಅತ್ತಿಗೆ, ನನ್ನ ಹೆಂಡತಿ, ನಾನು. ಆರಿಸಿಕೊಂಡದ್ದು 30ನೇ ನಂಬರಿನ ಪ್ರವೇಶ, ಲೇಕ್ ಒನ್. ಅಲ್ಲಿಂದ ಲೇಕ್ ಟು, ತ್ರೀ, ಫೋರ್, ಹಡ್ಸನ್ ದಾಟಿ ಇನ್ಸುಲಾ ಎಂಬ ದೊಡ್ಡ ಕೆರೆ.

ಆಗಸ್ಟ್ ಕೊನೆಯೇ ಯಾಕೆ ಅಂದರೆ, ಜೂನ್‌ನಲ್ಲಿ ಕಪ್ಪು ನೊಣ, ಸೊಳ್ಳೆ ಎರಡೂ ಜೀವ ಹಿಂಡುತ್ತವೆ. ಮೇ ತಿಂಗಳಲ್ಲಿ ಹಿಮ ಆಗತಾನೇ ಕರಗಿರುತ್ತದೆ. ಆ ನೀರಿಗೆ ಬಿದ್ದರೆ ಈಜು ಬಂದವರಿಗೂ ಕೆಲವೇ ನಿಮಿಷದಲ್ಲಿ ಕೈಕಾಲು ಮರಗಟ್ಟುತ್ತದೆ. ಆಗಸ್ಟ್ ಹೊತ್ತಿಗೆ ನೀರು ಬೆಚ್ಚಗಾಗಿ, ಸೊಳ್ಳೆ ಇಳಿದಿರುತ್ತದೆ.

ಮಾರ್ಚ್‌ನಲ್ಲಿ ನಕ್ಷೆ ತಂದು ಮೇಜಿನ ಮೇಲೆ ಹರಡಿದೆವು. ಪೋರ್ಟೇಜ್‌ಗಳನ್ನು ಇಲ್ಲಿ ಅಳೆಯುವುದು ರಾಡ್ ಲೆಕ್ಕದಲ್ಲಿ. ಒಂದು ರಾಡ್ ಅಂದರೆ 16.5 ಅಡಿ, ಹತ್ತಿರ ಹತ್ತಿರ ಒಂದು ಕನೂನ ಉದ್ದ. ಹಡ್ಸನ್‌ನಿಂದ ಇನ್ಸುಲಾಗೆ 105 ರಾಡ್. ಸುಮಾರು 530 ಮೀಟರ್, ಅದೇನು ಮಹಾ ಅನ್ನಿಸಿತು. ಅತ್ತಿಗೆ ಪೆನ್ನು ತಗೊಂಡು ಕೂತರು. ಒಂದೇ ಸಲಕ್ಕೆ ಎಲ್ಲ ಹೊರಲು ಆಗದಿದ್ದರೆ ಒಮ್ಮೆ ಹೊತ್ತು ಹೋಗಬೇಕು, ಬರಿಗೈಲಿ ವಾಪಸ್ ಬರಬೇಕು, ಮತ್ತೆ ಹೊತ್ತು ಹೋಗಬೇಕು. ಮೂರು ಸಲ ಆಯಿತು. 530 ಮೀಟರ್ ಹೋಗಿ ಒಂದೂವರೆ ಕಿಲೋಮೀಟರ್ ದಾಟಿತು. ಅದೂ ಕಲ್ಲು, ಬೇರು, ಕೆಸರಿನ ದಾರಿಯಲ್ಲಿ.

ಆವತ್ತಿನಿಂದ ನಮ್ಮ ಮನೆಯಲ್ಲಿ ತೂಕದ ಮಾತೇ ಮಾತು. ಅಲ್ಯೂಮಿನಿಯಂ ದೋಣಿ ಬಾಡಿಗೆಗೆ ಅಗ್ಗ, ಆದರೆ 30 ಕಿಲೋ ಮೀರುತ್ತದೆ. ಕೆವ್ಲಾರ್ ಎಂಬ ಗಟ್ಟಿ, ಹಗುರ ನಾರಿನಿಂದ ಮಾಡಿದ ದೋಣಿ 19 ಕಿಲೋ ಆಸುಪಾಸು. ದುಡ್ಡು ಜಾಸ್ತಿಯಾದರೂ ಕೆವ್ಲಾರ್ ಅಂತ ತೀರ್ಮಾನಿಸಿದೆವು. ಮೊದಲ ಸಲ ಹೋಗುವ ಯಾರಿಗಾದರೂ ನಾನು ಇದನ್ನೇ ಹೇಳುತ್ತೇನೆ: ಬೇರೆ ಎಲ್ಲಿ ಬೇಕಾದರೂ ಉಳಿಸಿ, ದೋಣಿಯಲ್ಲಿ ಉಳಿಸಬೇಡಿ.

ಊಟದ್ದು ದೊಡ್ಡ ಕೆಲಸ. ತಲೆಗೆ ದಿನಕ್ಕೆ 700 ಗ್ರಾಂ ಅಂದುಕೊಂಡರೂ ನಾಲ್ಕು ಜನಕ್ಕೆ ಐದು ದಿನಕ್ಕೆ 14 ಕಿಲೋ. ಅಣ್ಣ ಮೊದಲು ಅಕ್ಕಿ ಚೀಲವನ್ನೇ ಎತ್ತಿಟ್ಟಿದ್ದ. "ಇದನ್ನ ಹೊರೋರು ಯಾರು ಮಾರಾಯ್ರೇ?" ಅಂತ ಅತ್ತಿಗೆ ಅರ್ಧಕ್ಕರ್ಧ ಇಳಿಸಿದರು. ಬೆಳಿಗ್ಗೆಗೆ ಹುರಿದ ರವೆಗೆ ಒಗ್ಗರಣೆ ಸೇರಿಸಿಟ್ಟ ಉಪ್ಪಿಟ್ಟಿನ ಪೊಟ್ಟಣ, ಬಿಸಿನೀರು ಹಾಕಿದರೆ ಸಾಕು. ಮಧ್ಯಾಹ್ನ ಒಲೆ ಹಚ್ಚುವುದೇ ಬೇಡ, ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟಿನ ಉಂಡೆ. ರಾತ್ರಿಗೆ ಸಾಂಬಾರು. ನನ್ನ ಹೆಂಡತಿ ಗಟ್ಟಿ ಸಾಂಬಾರನ್ನು ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಆಹಾರ ಒಣಗಿಸುವ ಯಂತ್ರದಲ್ಲಿ ಇಡೀ ರಾತ್ರಿ ಇಟ್ಟಳು. ಬೆಳಿಗ್ಗೆ ಅದು ಹಪ್ಪಳದ ಹಾಗೆ ಎದ್ದು ಬಂತು. ಮುರಿದರೆ ಟಕ್ ಅನ್ನುತ್ತಿತ್ತು. ಒಂದು ಚೂರು ಲೋಟಕ್ಕೆ ಹಾಕಿ ಬಿಸಿನೀರು ಹೊಯ್ದು ಹದಿನೈದು ನಿಮಿಷ ಕಾದೆವು. ಬೇಳೆ ಉಬ್ಬಿ, ಇಂಗಿನ ಘಮ ಬಂದು, ಮನೆ ಸಾಂಬಾರೇ ಆಯಿತು.

ಕಾಡೊಳಗೆ ಗಾಜಿನ ಬಾಟಲಿ, ಆಹಾರದ ತಗಡಿನ ಡಬ್ಬಿ ಒಯ್ಯುವಂತಿಲ್ಲ. ಊರಿಂದ ಅಮ್ಮ ಕಳಿಸಿದ್ದ ಅಪ್ಪೆಮಿಡಿ ಗಾಜಿನ ಭರಣಿಯಲ್ಲಿತ್ತು. ಎಂಟು ಮಿಡಿ ಆರಿಸಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅದನ್ನು ಎರಡು ಚೀಲದೊಳಗೆ ಕಟ್ಟಿದೆವು. ಅಲ್ಲಿ ಕರಡಿಗಳಿವೆ, ವಾಸನೆಗೆ ಬರುತ್ತವೆ. ಊಟ, ಟೂತ್‌ಪೇಸ್ಟ್, ಸೋಪು ಎಲ್ಲ ಕರಡಿ ತೆರೆಯಲಾಗದ ಡಬ್ಬದಲ್ಲಿರಬೇಕು, ಇಲ್ಲವೇ ಮರಕ್ಕೆ ಹಗ್ಗ ಕಟ್ಟಿ ಎತ್ತರದಲ್ಲಿ, ಕಾಂಡದಿಂದ ದೂರಕ್ಕೆ ತೂಗುಹಾಕಬೇಕು. ನಾವು ಡಬ್ಬಗಳನ್ನೇ ಬಾಡಿಗೆಗೆ ತಗೊಂಡೆವು.

ಜುಲೈಯಲ್ಲಿ ನಾಲ್ಕು ಭಾನುವಾರ ಊರೊಳಗಿನ ಕೆರೆಯಲ್ಲಿ ಅಭ್ಯಾಸ. ಹುಟ್ಟು ಹಾಕುವುದಕ್ಕಿಂತ ಜಾಸ್ತಿ ಕಲಿತದ್ದು ಬೀಳುವುದನ್ನು. ಲೈಫ್ ಜಾಕೆಟ್ ತೊಟ್ಟು, ಬೇಕಂತಲೇ ದೋಣಿ ಮಗುಚಿ, ಅದನ್ನು ಹಿಡಿದುಕೊಂಡೇ ದಡಕ್ಕೆ ಬರುವುದು. ನನ್ನ ಹೆಂಡತಿಗೆ ನೀರೆಂದರೆ ಭಯವಿತ್ತು. ಮೂರನೇ ಭಾನುವಾರ ಅವಳೇ "ಇನ್ನೊಂದ್ಸಲ ಮಗುಚೋಣ" ಅಂದಳು.

ಹೊರಡುವ ಹಿಂದಿನ ದಿನ ಗೆಳೆಯರೊಬ್ಬರ ಕೈಗೆ ಒಂದು ಕಾಗದ ಕೊಟ್ಟೆವು. ಯಾವ ರಾತ್ರಿ ಯಾವ ಕೆರೆ, ಕಾರಿನ ನಂಬರ್, ದೋಣಿಗಳ ಬಣ್ಣ, ಯಾವ ಹೊತ್ತಿನೊಳಗೆ ನಮ್ಮ ಫೋನ್ ಬರದಿದ್ದರೆ ಅಲ್ಲಿನ ಶೆರಿಫ್ ಕಚೇರಿಗೆ, ಅಂದರೆ ಪೊಲೀಸರಿಗೆ, ತಿಳಿಸಬೇಕು, ಎಲ್ಲ ಬರೆದಿತ್ತು. ಒಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನವನ್ನೂ ತಗೊಂಡಿದ್ದೆವು. ಆದರೂ ಆ ಕಾಗದವೇ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು.

ಈಲಿ ಎಂಬ ಸಣ್ಣ ಪೇಟೆಯಲ್ಲಿ ಪರ್ಮಿಟ್ ಪಡೆದು, ಕಾಡಿನ ನಿಯಮಗಳ ವಿಡಿಯೋ ನೋಡಿ, ಫರ್ನ್‌ಬರ್ಗ್ ರಸ್ತೆಯ ಕೊನೆಯಲ್ಲಿ ನೀರಿಗಿಳಿದೆವು. ಮೊದಲ ಗಂಟೆಯಲ್ಲೇ ದಾರಿ ತಪ್ಪಿತು. ಲೇಕ್ ಒನ್ ತುಂಬಾ ದ್ವೀಪ, ಕೊಲ್ಲಿ. ನೀರಿನ ಮಟ್ಟದಲ್ಲಿ ಕೂತು ನೋಡಿದರೆ ಎಲ್ಲವೂ ಒಂದೇ ಹಸಿರು ಗೋಡೆ. ನಾನು ನಕ್ಷೆ ಹಿಡಿದಿದ್ದೆ, ದಿಕ್ಸೂಚಿ ನೋಡದೆ ಅಂದಾಜಿನಲ್ಲಿ ಹೋದೆ. ಒಂದೂವರೆ ಗಂಟೆ ಹೋಯಿತು. ಆಮೇಲೆ ಪ್ರತಿ ತಿರುವಿನಲ್ಲೂ ನಿಂತು, ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿ, ಬೆರಳಿಟ್ಟುಕೊಂಡೇ ಮುಂದೆ ಹೋದೆವು.

ಎರಡು ಸಣ್ಣ ಪೋರ್ಟೇಜ್ ದಾಟಿ ಲೇಕ್ ಟು, ಅಲ್ಲಿಂದ ಲೇಕ್ ತ್ರೀ. ರಾತ್ರಿ ಅಲ್ಲೇ ಟೆಂಟ್. ಗೊತ್ತುಮಾಡಿದ ಜಾಗದಲ್ಲೇ ತಂಗಬೇಕು. ಅಲ್ಲಿ ಬೆಂಕಿಗೆ ಕಬ್ಬಿಣದ ಜಾಲರಿ, ಹಿಂದೆ ಕಾಡಲ್ಲಿ ಒಂದು ಶೌಚದ ಪೆಟ್ಟಿಗೆ, ಅಷ್ಟೇ. ಕತ್ತಲಾದ ಮೇಲೆ ಲೂನ್ ಹಕ್ಕಿ ಕೂಗಿತು. ಉದ್ದಕ್ಕೆ ಎಳೆದು, ಯಾರನ್ನೋ ಕರೆದ ಹಾಗೆ. ಆಚೆ ದಡದಿಂದ ಇನ್ನೊಂದು ಓಗೊಟ್ಟಿತು. ನಾಲ್ವರೂ ತಟ್ಟೆ ಕೈಯಲ್ಲೇ ಹಿಡಿದು ಕೂತೆವು.

ಎರಡನೇ ದಿನ ಗಾಳಿ. ಕೆರೆ ತುಂಬ ಬಿಳಿ ನೊರೆಯ ಅಲೆ. ಸಾಮಾನು ತುಂಬಿದ ಕನೂಗೆ ಅಂಥ ನೀರು ಅಪಾಯ. ಅಣ್ಣ ಸಂಜೆಯಾದರೂ ಹೋಗೋಣ ಅಂದ. ಅತ್ತಿಗೆ ನಮ್ಮ ಹತ್ತಿರವಿದ್ದ ಆ ಕಾಗದದ ಪ್ರತಿ ತೋರಿಸಿದರು. ಅದರಲ್ಲಿ ಒಂದು ದಿನ ಖಾಲಿ ಬಿಟ್ಟಿದ್ದೆವು, ಗಾಳಿಗೆ ಅಂತಲೇ. ದಿನವಿಡೀ ದಡದಲ್ಲೇ ಕಳೆದೆವು. ಯೋಜನೆಯಲ್ಲಿ ನಾವು ಮಾಡಿದ ಅತಿ ಒಳ್ಳೆ ಕೆಲಸ ಆ ಖಾಲಿ ದಿನ.

ಮೂರನೇ ದಿನ ಗಾಳಿ ಏಳುವ ಮುಂಚೆ, ಬೆಳಕು ಹರಿಯುವಾಗಲೇ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಆ 105 ರಾಡ್. ದೋಣಿ ನನ್ನ ಹೆಗಲ ಮೇಲೆ, ಕಣ್ಣಿಗೆ ಕಾಣುತ್ತಿದ್ದುದು ಮುಂದಿನ ನಾಲ್ಕು ಹೆಜ್ಜೆ ಮಾತ್ರ. ಉಸಿರಿನ ಸದ್ದು ದೋಣಿಯೊಳಗೇ ತಿರುಗಿ ಬಂದು ಕಿವಿಗೆ ಬಡಿಯುತ್ತಿತ್ತು. ಕೊನೆಗೆ ಬೆಳಕು ಅಗಲವಾಯಿತು, ಕಾಲು ನೀರಿಗೆ ತಾಗಿತು. ಇನ್ಸುಲಾ.

2011ರ ಆಗಸ್ಟ್ 18ರಂದು ಈ ಕಡೆ ಸಿಡಿಲು ಬಡಿದು ಬೆಂಕಿ ಹತ್ತಿತ್ತು. ಸೆಪ್ಟೆಂಬರ್ 12ರಂದು ಒಂದೇ ದಿನದಲ್ಲಿ ಅದು 25 ಕಿಲೋಮೀಟರ್ ಓಡಿತು. ಒಟ್ಟು 90,000 ಎಕರೆಗೂ ಜಾಸ್ತಿ ಸುಟ್ಟಿತು. ದಡದಲ್ಲಿ ಇನ್ನೂ ಬೋಳು ಕಾಂಡಗಳು ಬೂದು ಬಣ್ಣದಲ್ಲಿ ನಿಂತಿದ್ದವು. ಅಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಬೇಸಿಗೆಯಲ್ಲಿ ನಮ್ಮ ಹಿನ್ನೀರು ಇಳಿದಾಗ ಮೇಲೇಳುವ ಒಣ ಮರಗಳು ಹೀಗೇ ಇರುತ್ತವೆ. ಲಾಂಚ್‌ನಲ್ಲಿ ಹೋಗುವಾಗ ದೊಡ್ಡಪ್ಪ ಅವನ್ನು ತೋರಿಸಿ, ಇಂಥವರ ತೋಟ, ಇಂಥವರ ಅಂಗಳ ಅಂತ ಹೇಳುತ್ತಿದ್ದರು.

ದೋಣಿ ದಡಕ್ಕೆ ತಾಗಿಸಿದೆವು. ಆ ಬೋಳು ಕಾಂಡಗಳ ಬುಡದಲ್ಲಿ ನಮಗಿಂತ ಎತ್ತರಕ್ಕೆ, ಒತ್ತೊತ್ತಾಗಿ ಜ್ಯಾಕ್ ಪೈನ್ ಗಿಡಗಳು. ಈ ಮರದ ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿರುತ್ತವೆ, ಬೆಂಕಿಯ ಕಾವಿಗೆ ಬಾಯಿ ಬಿಟ್ಟು ಬೀಜ ಚೆಲ್ಲುತ್ತವೆ. ಅಣ್ಣ ಒಂದು ಗಿಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮುಚ್ಚಿದ ಕಾಯೊಂದನ್ನು ಬೆರಳಲ್ಲಿ ಸವರಿದ. ಕೀಳಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದ. ಅತ್ತಿಗೆ ಒಲೆ ಹಚ್ಚಿ, ಕೆರೆಯ ನೀರು ಸೋಸಿ ಕಾಯಲು ಇಟ್ಟರು.